ಉಸಗಾಂವ ಬಸ್ಸಿನ ಕಂಡಕ್ಟರ್

ಗೋವಾದ ಫೋಂಡಾದಿಂದ ನಮ್ಮ ಉಸಗಾಂವಿಗೆ ಬರುವ ಬಸ್ಸಿನ ಆ ಕಂಡಕ್ಟರ್ ವಿಜಯಪುರದ ಕಡೆಯವನು. ಬಾಗಿಲ ತಗಡು ಬಡಿಯುತ್ತ, "ಒಳಗ ಸರೀರಿ, ಭಾಳ ಜಾಗಾ ಐತಿ" ಎನ್ನುವುದೇ ಅವನ ದಿನದ ಮಾತಾಗಿತ್ತು.

ಒಂದು ಸಂಜೆ ಕೆಲಸ ಮುಗಿಸಿ ನಾನು ಸ್ಟಾಪಿಗೆ ಓಡಿ ಬರುವಷ್ಟರಲ್ಲಿ ಬಸ್ಸು ಮುಂದಕ್ಕೆ ಹೋಗಿಬಿಟ್ಟಿತ್ತು. ಶಾಲೆಯಿಂದ ಅದರಲ್ಲೇ ಬರಬೇಕಿದ್ದ ಏಳು ವರ್ಷದ ಮಗಳು ಅಲ್ಲಿರಲಿಲ್ಲ. ಅಂಗಡಿಗಳಲ್ಲಿ ಕೇಳಿದೆ, ಗಟಾರದಲ್ಲಿ ಇಣುಕಿದೆ. ಅದಿರಿನ ಲಾರಿ ಹಾದುಹೋದಾಗಲೆಲ್ಲ ಅದರ ಗಾಲಿಗಳ ಕಡೆ ನೋಡುತ್ತಿದ್ದೆ.

ಅರ್ಧ ಗಂಟೆಯ ಮೇಲೆ ಅದೇ ಬಸ್ಸು ತಿರುಗಿ ಬಂತು. ಮಗಳ ಕೈಹಿಡಿದು ಕಂಡಕ್ಟರ್ ಇಳಿದ.

"ಎಲ್ಲಿ ಒಯ್ದಿದ್ರಿ ನನ್ನ ಕೂಸನ್ನ?" ಎಂದು ಚೀರಿದೆ.

"ನೀವು ಕಾಣಲಿಲ್ರಿ ಅಕ್ಕಾರ. ಒಬ್ಬಾಕಿನ್ನ ಹೆಂಗ ಇಳಸ್ಲಿ?" ಎಂದು ನೀರಿನ ಬಾಟಲಿ ಚಾಚಿದ.

ನಾನು ಬಾಟಲಿ ತೆಗೆದುಕೊಂಡೆ. ಬಸ್ಸಿನ ತುಂಬ ಜನ ಕಾಯುತ್ತಿದ್ದರು. ನಾನು ಕುಡಿದು ಮುಗಿಸುವವರೆಗೆ ಅವನು ಸೀಟಿ ಊದಲಿಲ್ಲ.