ಡೇರಿಯ ಬೋರ್ಡು ತೊದಲಿದ ಸಂಜೆ

ವೈರು ಸಡಿಲವಾಗಿರಬಹುದು. ಅರ್ಥಿಂಗ್ ಸರಿ ಇಲ್ಲದಿರಬಹುದು. ಇಲಿ ಕಡಿದಿರಬಹುದು, ಹಾಲಿನ ಕ್ಯಾನು ತಾಗಿ ಪಿನ್ನು ಬಗ್ಗಿರಬಹುದು, ನಾನು ಬರೆದ ಪ್ರೋಗ್ರಾಮೇ ದಂಡವಿರಬಹುದು, ಈ ಕಸುಬೇ ನನಗೆ ಆಗಿಬರದಿರಬಹುದು. ಕೊನೆಯದರ ಬಗ್ಗೆ ಮಾತ್ರ ನನಗೆ ಅನುಮಾನವಿರಲಿಲ್ಲ.

ಅರಕೆರೆ ರಸ್ತೆಯ ಒಂದು ಹಾಲಿನ ಡೇರಿಗೆ ಬೋರ್ಡು ಮಾಡಿಕೊಟ್ಟಿದ್ದೆ. ಹಾಲಿನ ಫ್ಯಾಟು ಅಳೆಯುವ ಮಿಷಿನ್ನು ಕಳಿಸಿದ ಅಂಕಿಯನ್ನು ಬೋರ್ಡಿನೊಳಗಿನ ಪುಟ್ಟ ಮೈಕ್ರೊಕಂಟ್ರೋಲರ್ ಓದಿ, ಎಲ್ಲರಿಗೂ ಕಾಣುವಂತೆ ಕೆಂಪಗೆ ತೋರಿಸಬೇಕು. ಮೊದಮೊದಲು ತೋರಿಸಿತು ಕೂಡ. ಸಿಡಿಲಿಗೆ ಅದರ ಸರ್ಕಿಟ್ಟು ಸುಟ್ಟಾಗ, ಮನೆಯಲ್ಲಿ ಮಾಡಿಟ್ಟಿದ್ದ ಇನ್ನೊಂದನ್ನು ತಂದು ಕೂರಿಸಿದೆ. ಅಲ್ಲಿಂದ ತೊದಲು ಶುರುವಾಯಿತು.

ಅವತ್ತು ಸಂಜೆಯೇ ಕಿಕ್ಕೇರಿ ಕಡೆಯ ಡೇರಿಯವರು ನೋಡಲು ಬರುವವರಿದ್ದರು. ಅವರೂ ಇಂಥದ್ದೊಂದನ್ನು ಕೊಳ್ಳಲು ಒಪ್ಪಿದರೆ ನನ್ನ ರಿಪೇರಿ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟಿದ್ದೆ.

ಹಾಲು ಹಾಕಲು ಬಂದ ಅಜ್ಜಿಯೊಬ್ಬರು ತಲೆಯೆತ್ತಿ ನೋಡಿದರು. ಅಂಕಿಯ ಜಾಗದಲ್ಲಿ ಗೆರೆ, ಚುಕ್ಕೆ, ಪ್ರಶ್ನೆಯ ಗುರುತು.

"ಇದೇನ್ಲಾ ಮಗ, ನಮ್ಮೆಮ್ಮೆ ಹಾಲ್ಗೆ ಇಂಗ್ ಬಯ್ತಾ ಅದೆ ನಿನ್ ಬೋರ್ಡು?"

"ಸ್ಪೀಡು ಹೊಂದ್ತಿಲ್ಲ ಕಣಜ್ಜಿ. ಮಿಷಿನ್ನು ಎಷ್ಟು ಬೇಗ್ಬೇಗ ಓದಿ ಹೇಳ್ತದೋ ಅಷ್ಟೇ ಬೇಗ್ಬೇಗ ಇದು ಬರ್ಕೊಬೇಕು."

"ನಮ್ಮೆಜಮಾನ್ರೂ ಅಂಗೇಯ, ನಾನೇಳೋದೊಂದು, ಅವ್ರು ಕೇಳೋದೊಂದು. ಬುಡು, ಮೊದ್ಲಿನಂಗೆ ಸ್ಲೇಟು ತಕೊಂಡ್ ಬರಿ."

ಮಿಷಿನ್ನು ಅಂಕಿ ಕಳಿಸುವ ವೇಗ ಸೆಕೆಂಡಿಗೆ 9600 ಬಿಟ್. ಪ್ರೋಗ್ರಾಮಿನಲ್ಲೂ ಅಷ್ಟೇ ಬರೆದಿತ್ತು. ಆದರೂ ಹೊಂದದಾಗ 4800ಕ್ಕೆ ಇಳಿಸಿದೆ, ಮತ್ತೆ 2400ಕ್ಕೆ. ಇನ್ನಷ್ಟು ಕೆಟ್ಟಿತು. ಏರಿಸಿ ನೋಡೋಣ ಎಂದು ಹೊಳೆಯಲೇ ಇಲ್ಲ; ದಿಗಿಲಾದಾಗ ನಿಧಾನ ಮಾಡುವುದೊಂದೇ ನನಗೆ ಗೊತ್ತಿರುವ ವಿದ್ಯೆ.

ಕಿಕ್ಕೇರಿಯವರು ಬಂದರು, ನೋಡಿದರು, ಟೀ ಕುಡಿದರು. "ಫೋನ್ ಮಾಡ್ತೀವಿ ಸಾ" ಎಂದರು, ನಂಬರು ಕೇಳಲಿಲ್ಲ. ಡೇರಿಯ ಕಾರ್ಯದರ್ಶಿ ಸ್ಟೂಲು ಹತ್ತಿ ಬೋರ್ಡನ್ನು ಇಳಿಸಿ ನನ್ನ ಕೈಗಿಟ್ಟು, ಅದೇ ಮೊಳೆಗೆ ಸ್ಲೇಟು ನೇತುಹಾಕಿದರು.

"ಬೇಜಾರ್ ಮಾಡ್ಕಬ್ಯಾಡಿ ಸಾ. ಇದ್ಕಾದ್ರೆ ಕರೆಂಟೂ ಬ್ಯಾಡ, ನೀವೂ ಬ್ಯಾಡ."

ಬಸ್ಸಿನಲ್ಲಿ ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದೆ. ಒಳಗಿನ ಮೈಕ್ರೊಕಂಟ್ರೋಲರಿಗೆ ತಾಳ ಹಾಕಿಕೊಡುವುದು ಕ್ರಿಸ್ಟಲ್ ಎಂಬ ಪುಟ್ಟ ತಗಡಿನ ಡಬ್ಬಿ. ನನ್ನ ಪ್ರೋಗ್ರಾಮು ಹದಿನಾರು ಮೆಗಾಹರ್ಟ್ಸಿನ ಕ್ರಿಸ್ಟಲ್ಲಿಗೆ ಬರೆದದ್ದು. ಎಂಟರದ್ದಿದ್ದರೆ ಎಲ್ಲ ವೇಗವೂ ಅರ್ಧಕ್ಕೆ ಬೀಳುತ್ತದೆ. ಆಯುಧಪೂಜೆಯಲ್ಲಿ ಸ್ಕ್ರೂಡ್ರೈವರು, ಸ್ಕೂಟರಿನ ಜೊತೆಗೆ ಈ ಸರ್ಕಿಟ್ಟಿಗೂ ಕುಂಕುಮ ಇಟ್ಟಿದ್ದೆ. ಇಡಲು ಚಪ್ಪಟೆ ಜಾಗ ಸಿಕ್ಕಿದ್ದು ಕ್ರಿಸ್ಟಲ್ಲಿನ ನೆತ್ತಿ, ಅದರ ಅಂಕಿ ಅಚ್ಚಾಗಿರುವ ಜಾಗ. ಮಧ್ಯಾಹ್ನವೇ ಆ ಕುಂಕುಮವನ್ನು ಕಂಡಿದ್ದೆ, ಪೂಜೆಯದ್ದನ್ನು ಒರೆಸಿದರೆ ಇನ್ನೇನು ಕೆಡುವುದೋ ಎಂದು ಮುಟ್ಟಿರಲಿಲ್ಲ.

ಈಗ ಉಗುರಿನಿಂದ ಕೆರೆದೆ. ಎಂಟು.