ಬೈಕಿಗೆ ಟ್ಯಾಗ್ ಅಂಟಿಸಿಕೊಂಡು ಜೇವರ್ಗಿಗೆ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಟೋಲ್‌ಗೇಟಿನ ಏರಿಳಿಯುವ ಅಡ್ಡಕಂಬ ನನ್ನ ಅಣ್ಣನ ಮೇಲೆ ಬಿತ್ತು. ಹೊತ್ತು ನೆನಪಿರಲು ಕಾರಣ, ಗೇಟಿನ ನೆತ್ತಿಯಲ್ಲಿದ್ದ ಕೆಂಪಂಕಿಯ ದೊಡ್ಡ ಗಡಿಯಾರ. ಅಂಥ ಗಡಿಯಾರ ಹಾಕಿಸಿದವರಿಗೆ ಬೈಕಿನವರು ಎಲ್ಲಿಂದ ಹೋಗಬೇಕೆಂದು ಒಂದು ಫಲಕ ಬರೆಸಲು ಆಗಿರಲಿಲ್ಲ.

ಆಳಂದದಿಂದ ಏಳಕ್ಕೆ ಹೊರಟಿದ್ದೆವು. ಅಣ್ಣ ರಫೀಕ್ ಟೇಲರ್. ಜೇವರ್ಗಿಯಲ್ಲಿ ಅಕ್ಕನ ಮಗನ ಮದುವೆ. ವರನ ಶೇರ್ವಾನಿ ಹೊಲಿದು ಗಂಟು ಕಟ್ಟಿ, ಹಿಂದೆ ಕೂತ ತಂಗಿ ನನ್ನ ಮಡಿಲಿಗೆ ಕೊಟ್ಟಿದ್ದ. ಬೈಕಿನ ಹೆಡ್‌ಲೈಟಿನ ಮೇಲೆ ಏನೋ ಅಂಟಿತ್ತು. ನೋಡಿದರೆ, ಹಿಂದೆ ಮಾರಿದ ವ್ಯಾನಿನ ಗಾಜಿನಿಂದ ಕಿತ್ತಿಟ್ಟುಕೊಂಡಿದ್ದ ಫಾಸ್ಟ್ಯಾಗ್.

"ಬೈಕಿಗೆ ಟೋಲೂ ಇಲ್ಲ, ಟ್ಯಾಗೂ ಬ್ಯಾಡ ಭಾಯಿ," ಎಂದೆ.

"ಇನ್ನ ಮುಂದ ಬೇಕಂತ. ಎಲ್ಲಾರ ಫೋನಿಗೂ ಮೆಸೇಜ್ ಬಂದದ. ಸುಮ್ನ ಕೂಡು ಬೇ."

ಅಫಜಲಪುರಕ್ಕೆ ಐವತ್ತಕ್ಕೂ ಹೆಚ್ಚು ಕಿಲೋಮೀಟರ್. ಚಳಿಗೆ ಕೈ ಮರಗಟ್ಟಿತ್ತು. ಅಲ್ಲಿ ಬಿಸಿ ಮಂಡಕ್ಕಿ ಸುಸಲಾ, ಮಿರ್ಚಿ ತಿಂದೆವು. ಹೋಟೆಲಿನವನು ಬೈಕ್ ನೋಡಿ ನಕ್ಕ: "ಏನ್ ಮಾಸ್ತರ, ಗಾಡಿಗೂ ತಾಯಿತ ಕಟ್ಟೀರಿ? ದೃಷ್ಟಿ ಆಗ್ಯಾದೇನು?"

"ತಾಯಿತ ಅಲ್ರಿ ಸಾವಕಾರ, ಪಾಸ್‌ಪೋರ್ಟ್!" ಎಂದ ಅಣ್ಣ.

ಸೊನ್ನದ ಬ್ಯಾರೇಜಿನಲ್ಲಿ ಭೀಮೆಯ ಗಾಳಿಗೆ ಕಿವಿ ನೋಯುತ್ತಿತ್ತು. ಆಚೆ ದಡದಲ್ಲಿ ರಾಶಿಯ ಕಾಲ. ಓಡಾಡುವ ಗಾಡಿಗಳೇ ತುಳಿಯಲೆಂದು ತೊಗರಿಯ ಕಟ್ಟುಗಳನ್ನು ರಸ್ತೆಗೇ ಹಾಸಿದ್ದರು. ನಿಧಾನ ಹೋಗಿ ಹೆದ್ದಾರಿ ಸೇರಿದೆವು. ಜೇವರ್ಗಿಗೆ ಸ್ವಲ್ಪವೇ ದೂರ ಉಳಿದಿರುವಾಗ ಗೇಟು.

ಎಡಕ್ಕೆ ಬೈಕುಗಳಿಗೆಂದೇ ಬಿಟ್ಟ ಸಣ್ಣ ದಾರಿಯಿದೆ. ಅದರ ಬಾಯಿಗೆ ನೀರಿನ ಡ್ರಮ್ಮುಗಳು, ಒಳಗೆ ಗೇಟಿನವರದೇ ಬೈಕುಗಳು.

"ಅದು ಬಂದ್ ಅದ. ಆ ಮುಂದಿನ ಜೀಪಿನ ಬೆನ್ನ ಹತ್ತಿ ಹೋಗ್ರಿ, ಎಲ್ಲಾರೂ ಹಾಂಗೇ ಹೋಗ್ತಾರ," ಎಂದ ಒಬ್ಬ ಸಿಬ್ಬಂದಿ.

"ತಡಿ ಭಾಯಿ," ಎಂದೆ.

"ಅಂಜಬ್ಯಾಡ. ನಮ್ಮದೂ ಟ್ಯಾಗ್ ಅದ."

ದಿನಾ ಓಡಾಡುವವರು ತಲೆ ತಗ್ಗಿಸಿ ಒಂದೇ ಏಟಿಗೆ ನುಗ್ಗುತ್ತಾರೆ. ಅಣ್ಣ ಹಾಗೆ ನುಗ್ಗಲಿಲ್ಲ. ಟ್ಯಾಗ್ ಇದ್ದವರ ಗತ್ತಿನಲ್ಲಿ, ನೆಟ್ಟಗೆ ಕೂತು, ನಿಧಾನವಾಗಿ ಹೋದ. ಕಂಬ ಜೀಪನ್ನು ಬಿಟ್ಟು ಇಳಿಯಿತು. ಅಣ್ಣನ ಕುತ್ತಿಗೆಯ ಪಕ್ಕ, ಬಲಭುಜಕ್ಕೆ ಹೊಡೆಯಿತು. ಬೈಕ್ ಸಮೇತ ಇಬ್ಬರೂ ಬಿದ್ದೆವು.

ಸಿಬ್ಬಂದಿ ಓಡಿ ಬಂದ. "ಕಂಬ ನೆಟ್ಟಗದೇನು ನೋಡ್ರಲೇ!" ಎಂದು ಕೂಗಿದ. ಮೊದಲ ಮಾತೇ ಅದು. ನನ್ನ ಕಿವಿಯಿಂದ ಅದಿನ್ನೂ ಹೋಗಿಲ್ಲ.

ಅಣ್ಣ ಮಲಗಿದಲ್ಲಿಂದಲೇ ಕೇಳಿದ: "ನನ್ನ ಕೈ ಎಲ್ಲದ ಬೇ?"

ಕೈ ಅಲ್ಲೇ ಇತ್ತು. ನಾನು ಹಿಡಿದುಕೊಂಡಿದ್ದೆ. ಅವನಿಗೆ ಗೊತ್ತಾಗುತ್ತಿರಲಿಲ್ಲ.

ಜೀಪಿನಲ್ಲಿ ರಾಶಿಗೆ ಹೊರಟಿದ್ದ ಹೆಂಗಸರು ಕೆಳಗಿಳಿದು ಜಾಗ ಬಿಟ್ಟುಕೊಟ್ಟರು. ಜೇವರ್ಗಿ ಆಸ್ಪತ್ರೆಯ ಡಾಕ್ಟರು ಬೆರಳು ಆಡಿಸಲು ಹೇಳಿದರು. ಒಂದೂ ಆಡಲಿಲ್ಲ. "ಎಲುಬು ಮುರದಿಲ್ಲ, ನರಕ್ಕ ಪೆಟ್ಟಾಗ್ಯಾದ. ಕೈಗೆ ಮತ್ತ ಬಲ ಬರಬಹುದು. ಯಾವಾಗ ಅಂತ ಹೇಳಾಕ ಆಗಲ್ಲ." ಕತ್ತರಿ ಹಿಡಿದು ಮನೆ ನಡೆಸುವವನಿಗೆ ಹೇಳಿದ ಮಾತಿದು.

ಮದುವೆ ಮುಗಿಸಿ ಬಸ್ಸಿನಲ್ಲಿ ಮರಳಿದೆವು. ಹೆಂಗಸಾದ ನನಗೆ ಪುಕ್ಕಟೆ, ಅಣ್ಣನಿಗೆ ಟಿಕೆಟ್. ಗೇಟಿನಲ್ಲಿ ಡ್ರಮ್ಮುಗಳು ಕದಲಿರಲಿಲ್ಲ. ಕಾರುಗಳ ಹಿಂದೆ ಬೈಕುಗಳು ತಲೆ ತಗ್ಗಿಸಿ ನುಗ್ಗುತ್ತಲೇ ಇದ್ದವು. ಒಂದರ ಟ್ಯಾಂಕಿನ ಮೇಲೆ ಮಗು ಕೂತಿತ್ತು. ನಾನು ಕಿಟಕಿಯಿಂದ ಕೂಗಿದೆ: "ಆ ಡ್ರಮ್ ತಗೀರಿ! ನಮ್ಮಣ್ಣನ ಕೈ ಹೋಗ್ಯಾದ!"

"ಇಳದು ಬಂದು ಅರ್ಜಿ ಕೊಡ್ರಿ ಅಕ್ಕಾರ," ಎಂದ ಅದೇ ಸಿಬ್ಬಂದಿ. ನಕ್ಕ ಕೂಡ.

ಬೈಕಿಗೆ ಟ್ಯಾಗ್ ಬೇಡವೆಂಬ ನಿಯಮ ಅವನಿಗೆ ಗೊತ್ತಿತ್ತು. ಫೋನಿನ ಸುಳ್ಳು ಆಳಂದದ ಓಣಿ ಓಣಿಗೆ ತಲುಪಿತು. ಆ ನಿಯಮವನ್ನು ಮಾತ್ರ ಗೇಟಿನಲ್ಲೂ ಯಾರೂ ಬರೆದು ಹಾಕಲಿಲ್ಲ.

ಮನೆಯಲ್ಲಿ ರಾತ್ರಿ ನಾನು ಕಣ್ಣು ಮುಚ್ಚಿದರೆ ಸಾಕು, ಕಂಬ ಇಳಿಯುತ್ತಿತ್ತು; ನಿದ್ದೆ ಹತ್ತುತ್ತಿರಲಿಲ್ಲ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿಟ್ಟಿದ್ದೆವು. ವಾರಗಳು ಹೋದವು. ಒಂದು ಶುಕ್ರವಾರ ನಮಾಜಿನಿಂದ ಬಂದ ಅಣ್ಣ ಯಾರಿಗೂ ಹೇಳದೆ ಆ ಬಟ್ಟೆ ಸರಿಸಿ ಕೂತ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಬಲಗೈಯಿಂದ ಸೂಜಿಗೆ ಹಿಡಿದ. ತಪ್ಪಿತು. ಮತ್ತೆ ತಪ್ಪಿತು. ಆಮೇಲೆ ಒಳಗೆ ಹೋಯಿತು.

"ಏನ್ ನೋಡಾಕತ್ತಿ? ಬೆಳಕ ಬಿಟ್ಟು ನಿಂದ್ರು ಬೇ," ಎಂದು ಗದರಿದ.

ಆ ಶುಕ್ರವಾರ ರಾತ್ರಿ ಮಲಗಿದವಳು ನಾನು ಎದ್ದದ್ದು ಮರುದಿನ ಬಿಸಿಲೇರಿದ ಮೇಲೆಯೇ.