ಡಿಸ್ಚಾರ್ಜಿಗೆ ಮೊದಲು ಹೇಳಿದ ಮೂರು ಸುಳ್ಳು

ತೊಡೆಯ ಮೂಳೆ ಮುರಿದು, ಆಪರೇಷನ್ ಮಾಡಿ ಕಂಬಿ ಹಾಕಿದ್ದರು. ಹೊಸಪೇಟೆಯ ಆಸ್ಪತ್ರೆಯಲ್ಲಿ ಮಲಗಿದ್ದೆ. ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ. ಕಿಟಕಿಯ ಸರಳಿನ ಮೇಲೂ ಕೆಂಪು ಧೂಳು. ಬೇರೆ ಮಂಚಗಳ ಹತ್ತಿರ ಯಾರಾದರೂ ಕೂತು ಬುತ್ತಿ ಬಿಚ್ಚುತ್ತಿದ್ದರು. ನನ್ನ ಮಂಚದ ಹತ್ತಿರ ನನ್ನ ಚಪ್ಪಲಿ ಇತ್ತು.

ಮನೆಗೆ ಕಳಿಸುವ ಮಾತು ಬಂದ ದಿನ ನರ್ಸು ಕಾಗದ ಹಿಡಿದು ಬಂದಳು.

"ಅಜ್ಜಿ, ಮನ್ಯಾಗ ಯಾರದಾರ?"

"ತಂಗಿ ಅದಾಳ."

"ಕಕ್ಕಸು ಕುರ್ಚಿ ಥರದ್ದೇನು?"

"ಹೂಂ."

"ಅಡಿಗಿ ನಿಂತು ಮಾಡ್ತೀರೋ, ಕುಂತೋ?"

"ನಿಂತು."

ಮೂರೂ ಸುಳ್ಳು. ಮಲಪನಗುಡಿಯ ತಂಗಿ ಸತ್ತು ನಾಲ್ಕು ವರ್ಷ ಆಗಿತ್ತು. ಕಕ್ಕಸು ಕುಕ್ಕರಗಾಲಲ್ಲಿ ಕೂರುವಂಥದ್ದು, ಒಲೆ ನೆಲದ ಮೇಲೆ. ನಿಜ ಹೇಳಿದರೆ ಚೋರನೂರಿನ ಮೈದುನನ ಮಗನಿಗೆ ಹೇಳಿ ಕಳಿಸುತ್ತಿದ್ದರು. ಹಿಂದೊಮ್ಮೆ ಆ ಮನೆಯಲ್ಲಿ ಒಂದು ತಿಂಗಳು ಇದ್ದೆ. ಯಾರೂ ಕೆಟ್ಟ ಮಾತಾಡಲಿಲ್ಲ. ಯಾವ ಮಾತೂ ಆಡಲಿಲ್ಲ. ನನಗೆ ಚಿತ್ತವಾಡ್ಗಿಯ ನನ್ನ ಒಂದು ಕೋಣೆಯೇ ಬೇಕಿತ್ತು.

ಮಾರನೆಯ ದಿನ ನರ್ಸು ಮತ್ತೆ ಬಂದಳು. "ತಂಗೀನ ಕರಸ್ರಿ. ಗಾಯ ಹೆಂಗ ನೋಡ್ಕೋಬೇಕು ಅಂತ ಹೇಳ್ಬೇಕು."

"ಆಕಿಗೆ ಕಿವಿ ಕೇಳಂಗಿಲ್ಲ. ನನಗೇ ಹೇಳು."

"ನಿಮ್ಮ ಓಣ್ಯಾಕಿ ಸೇರಿಸಿದ ದಿನಾನ ಹೇಳ್ಯಾಳ, ಈ ಅಜ್ಜಿಗೆ ಯಾರೂ ಇಲ್ಲಂತ. ಈ ತಂಗಿ ಯಾವಾಗ ಹುಟ್ಟಿದ್ಲು?"

"ನಿನ್ನೆ. ನೀನು ಕೇಳಿದಾಗ."

ಅವಳಿಗೆ ನಗು ಬಂತು. ಆಮೇಲೆ ಮುಖ ಬಿಗಿದಳು. "ನೆಲಕ್ಕ ಕುಂತು ಕಂಬಿ ಜರುಗಿದ್ರ ಮತ್ತ ಇಲ್ಲಿಗೇ ಬರ್ತೀರಿ. ಈಗ ನಿಜ ಹೇಳ್ರಿ."

ಹೇಳಿದೆ, ಚೋರನೂರಿನ ಮೈದುನನ ಮಗನ ಸುದ್ದಿಯನ್ನೂ. ಅವಳು ಹೊಸ ಕಾಗದದಲ್ಲಿ ಬರೆದಳು: ಒಲೆ ಎತ್ತರದಲ್ಲಿ ಇಡಬೇಕು. ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊರೆದು ಕಕ್ಕಸಿನಲ್ಲಿ ಇಡಬೇಕು. ದಿನಾ ಒಬ್ಬರು ಬಂದು ನೋಡಬೇಕು. ಅದಕ್ಕೆ ಯಾರಾದರೂ ಒಪ್ಪದಿದ್ದರೆ ಚೋರನೂರೇ ಗತಿ ಎಂದಳು.

ನನ್ನನ್ನು ಸೇರಿಸಿದ್ದ ಪಕ್ಕದ ಮನೆಯವಳು ಅದಿರು ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಕೆಂಪು ಸೀರೆಯೋ ಕೆಂಪಾದ ಸೀರೆಯೋ ತಿಳಿಯದ ಹಾಗೆ ಬಂದು ನಿಂತಳು.

"ದೊಡ್ಡಮ್ಮ, ಮುಂಜಾನಿ ಹೋಗೂಮುಂದ ಇಣುಕ್ತೀನಿ, ಸಂಜಿಗೆ ಬಂದು ಇಣುಕ್ತೀನಿ. ನಡುವ ಬಿದ್ರ ನಾ ಬರೂತನಕ ಅಲ್ಲೇ ಬಿದ್ದಿರು."

"ಆತು."

ನರ್ಸು ಇಬ್ಬರ ಮುಖವನ್ನೂ ನೋಡಿ ಕಾಗದ ಮಡಚಿಕೊಟ್ಟಳು.

ಮನೆಗೆ ಬಂದ ಮೇಲೆ ನರ್ಸು ಬರೆದದ್ದನ್ನೆಲ್ಲ ಪಕ್ಕದವಳು ಮಾಡಿದಳು. ಕಡಪಾ ಕಲ್ಲಿನ ಕಟ್ಟೆ ಮಾಡಿ ಅದರ ಮೇಲೆ ಒಲೆ ಇಟ್ಟಳು, ನೀರು, ಅಕ್ಕಿ, ಬೇಳೆ ಕೈಗೆ ಸಿಗುವಲ್ಲಿ ಇಟ್ಟು ಕೆಲಸಕ್ಕೆ ಹೋದಳು. ಓಣಿಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಅದಿರಿನ ಹಿಂದೆ ಹೋಗಿದ್ದರು. ಒಂದು ಕೈಯಲ್ಲಿ ವಾಕರ್ ಹಿಡಿದು ಅನ್ನ, ಬೇಳೆ ಬೇಯಿಸಿದೆ. ತೂತಿಲ್ಲದ ಕುರ್ಚಿ ಮನೆಯಲ್ಲಿ ಇರಲಿಲ್ಲ. ತಟ್ಟೆಯನ್ನು ಕಲ್ಲಿನ ಮೇಲಿಟ್ಟು ನಿಂತೇ ಉಣ್ಣತೊಡಗಿದೆ. ಬೇಳೆಗೆ ಉಪ್ಪು ಬಿದ್ದಿರಲಿಲ್ಲ. ಉಪ್ಪಿನ ಡಬ್ಬಿ ನೆಲದ ಮೂಲೆಯಲ್ಲೇ ಉಳಿದಿತ್ತು, ಕಣ್ಣಿಗೆ ಕಾಣುತ್ತಿತ್ತು. ಕೊಡುವವಳು ಬರುವುದು ಸಂಜೆಗೆ.

ಸಪ್ಪಗೇ ಉಂಡೆ.